ಬಾಂಬು ವಿಮಾನದ ಹಿಂದಿನ ಸೀಟು

ತನ್ನ ಪಂಚೆ ಯಾವ ಹಗ್ಗದ ಮೇಲಿದೆ ಎಂದು ಗೊತ್ತಿಲ್ಲದ ಗಂಡಸಿಗೆ ಲೋಕದ ಇನ್ನೊಂದು ತುದಿಯಲ್ಲಿ ಏನು ಎಲ್ಲಿದೆ ಎಂಬುದು ಮಾತ್ರ ಸರಿಯಾಗಿ ಗೊತ್ತಿರುತ್ತದೆ. ನನ್ನ ಮೈದುನ ಮಂಜುನಾಥ ಶಿರಸಿಯಲ್ಲಿ ಮಾಸ್ತರ. ಹಿಂದಿನ ದೊಡ್ಡ ಯುದ್ಧದ ಭಾರೀ ಬಾಂಬು ವಿಮಾನಗಳಲ್ಲಿ ಕಾವಲಿನ ಬಂದೂಕು ಎಲ್ಲೆಲ್ಲಿ ಇರುತ್ತಿತ್ತು ಎಂದು ಎರಡು ವರ್ಷದಿಂದ ಅವನ ಶೋಧನೆ. ಮೂತಿಯಲ್ಲಿ ಒಂದು, ಹೊಟ್ಟೆಯ ತೂತಿನಲ್ಲಿ ಒಂದು, ಬೆನ್ನ ಮೇಲೆ ಒಂದು, ಹಿಂದೆ ಬಾಲದಲ್ಲಿ ಒಂದು. ನನ್ನ ಹಪ್ಪಳದ ಹಿಟ್ಟಿನಲ್ಲಿ ವಿಮಾನ ಮಾಡಿ ಬಂದೂಕಿನ ಜಾಗಕ್ಕೆಲ್ಲ ಲವಂಗ ಚುಚ್ಚಿದ್ದ. ನಾನು ಓದಿದ್ದು ಎರಡನೇ ಇಯತ್ತೆ. ಲವಂಗ ದಂಡವಾಯಿತು ಎಂದು ತಿಳಿಯಲು ಅಷ್ಟು ಸಾಕು.

ಅದನ್ನು ಉಸ್ಮಾನ್ ಸಾಹೇಬ ನೋಡಿದ. ಈಗ ಯಲ್ಲಾಪುರದ ಬಸ್ಸು ಓಡಿಸುವವ, ಯುದ್ಧಕಾಲದಲ್ಲಿ ಬಸ್ರಾದ ವಿಮಾನ ನಿಲ್ದಾಣದಲ್ಲಿ ಪಲ್ಟನ್ನಿನ ಲಾರಿ ಓಡಿಸಿದವ. ನಗುತ್ತಾನೆ ಅಂದುಕೊಂಡೆ, ನಗಲಿಲ್ಲ. ಹಿಂದಿನ ಲವಂಗ ಮುಟ್ಟಿದ.

"ಇಲ್ಲಿ ಕೂರುವವ ಎಲ್ಲರಿಗೂ ಬೆನ್ನು ಹಾಕಿ ಕೂರ್ತಿದ್ದ, ಮಾಸ್ತರ್ರೇ. ಉಳಿದ ಗೋರಾ ಸೋಲ್ಜರುಗಳಿಗೆ ನಾನು ಬರೀ ಡ್ರೈವರು. ಅವನೊಬ್ಬ 'ಊಸ್ಮಾನ್' ಅಂತ ಎಳೆದು ಕರೀತಿದ್ದ. ಒಂದಿನ ವಿಮಾನ ಬಂದು ನಿಂತು ಎಲ್ಲರೂ ಇಳಿದ್ರು, ಅವ ಇಳೀಲಿಲ್ಲ. ಇಂಜಿನ್ ಗುಡುಗ್ತಾ ಇತ್ತು. ಕೆಳಗಿಂದ ಎರಡು ಸಲ ಕೂಗಿದೆ. ನಿದ್ದೆ ಅಂದ್ಕೊಂಡು ಚಾ ಕುಡೀಲಿಕ್ಕೆ ಹೋದೆ. ಬಂದು ನೋಡಿದ್ರೆ ಗುಂಡು ತಾಗಿ ರಕ್ತ ಹೋಗಿ ಮುಗಿದಿತ್ತು." ಲವಂಗದ ಮೇಲೆ ಬೆರಳಿಟ್ಟೇ ಕೇಳಿದ: "ಆ ಜಾಗಕ್ಕೆ ನನ್ನ ದನಿ ಮುಟ್ಟಿ, ಅವ ನನಗೆ ಕಾದಿರಬಹುದಾ? ಅಷ್ಟು ಹೇಳ್ರಿ."

ಮಂಜುನಾಥನಿಗೆ ಪುಸ್ತಕದಲ್ಲಿ ಅದು ಸಿಗಲಿಲ್ಲ. ಹಾಗಾಗಿ ಪ್ರಯೋಗ. ಪೇಟೆಯಲ್ಲಾದರೆ ಜನ ನಗುತ್ತಾರೆಂದು ಖಾಲಿ ಬಸ್ಸನ್ನು ಯಲ್ಲಾಪುರ ರಸ್ತೆಯ ಕಾಡಿನ ನಡುವೆ ನಿಲ್ಲಿಸಿದರು. ಒಳ್ಳೆ ಮಧ್ಯಾಹ್ನ. "ಅತ್ತಿಗೆ, ನೀನು ಹಿಂದೆ ಕೂತ್ಕ. ಕೂಗಿದ್ದು ಕೇಳಿರೆ ಓ ಹೇಳು," ಎಂದ ಮಂಜುನಾಥ.

"ನಿನ್ನ ಹೆಂಡ್ತಿನ ಕೂರಿಸು."

"ಅದು ಮನೇಲೇ ಓ ಹೇಳ್ತಿಲ್ಲೆ, ಬಸ್ಸಲ್ಲಿ ಹೇಳ್ತಾ?"

ಅವನು ಕೊಡೆಯನ್ನು ಬಂದೂಕಿನ ಹಾಗೆ ಹಿಡಿದು ಬಸ್ಸಿನ ನೆತ್ತಿ ಹತ್ತಿದ. ನಾನು ಹಿಂದಿನ ಕಿಟಕಿಗೆ ಮುಖ ಮಾಡಿ ಕೂತೆ. ಉಸ್ಮಾನ್ ಇಂಜಿನ್ ಚಾಲೂ ಇಟ್ಟು ಇಳಿದು, ಮುಂದೆ ಹೋಗಿ ಕೂಗಿದ: "ಅಮ್ಮಾ!"

ಚೆನ್ನಾಗಿ ಕೇಳಿತು. ಬಾಯಿ ತೆರೆದವಳು ಮುಚ್ಚಿಕೊಂಡೆ. ಕಾಡಿನಲ್ಲಿ ಬೆನ್ನ ಹಿಂದಿನಿಂದ ಕರೆದರೆ ಮೂರನೇ ಸಲಕ್ಕೇ ಓಗೊಡಬೇಕು. ಮನುಷ್ಯನಲ್ಲದ್ದು ಎರಡೇ ಸಲ ಕರೆಯುತ್ತದೆ. ಹುಟ್ಟಿದಾಗಿನಿಂದ ಹಾಗೇ ನಡೆದವಳು ನಾನು, ಮಾಸ್ತರನ ಪ್ರಯೋಗಕ್ಕಾಗಿ ಬಿಡಲೇ? "ಅಮ್ಮಾ!" ಎರಡಾಯಿತು. ಕಾದೆ. ಉಸ್ಮಾನ್ ಮತ್ತೆ ಕೂಗಲಿಲ್ಲ. ಅವತ್ತೂ ಎರಡೇ ಕೂಗಿದ್ದನಲ್ಲ.

ಮೂರನೆಯದು ಬಂತು. ಬೆನ್ನ ಹಿಂದಿನಿಂದಲ್ಲ, ನಾನು ನೋಡುತ್ತಿದ್ದ ಖಾಲಿ ರಸ್ತೆಯಿಂದ. ಕರೆದದ್ದು ನನ್ನನ್ನೂ ಅಲ್ಲ.

"ಊಸ್ಮಾನ್."

ಬಿಸಿಲು ಹಾಗೇ ಇತ್ತು. ಒಂದು ಎಲೆ ಅಲುಗಲಿಲ್ಲ. ಕುತ್ತಿಗೆಗೆ ಯಾರೋ ತಣ್ಣಗಿನ ಚೊಂಬು ಒತ್ತಿದ ಹಾಗಾಯಿತು.

ಉಸ್ಮಾನ್ ಕಿಟಕಿಗೆ ಬಂದ. ಮುಖದಲ್ಲಿ ರಕ್ತವಿಲ್ಲ. "ಕೇಳಿತಾ ಅಮ್ಮಾ?"

ಈ ಪ್ರಶ್ನೆಯನ್ನು ಅವನು ಹೊತ್ತು ಇಪ್ಪತ್ತು ವರ್ಷದ ಮೇಲಾಗಿತ್ತು. "ಒಂದೂ ಕೇಳಲಿಲ್ಲ ಮಾರಾಯ. ಈ ಗಡಗಡದಲ್ಲಿ ಯಾರಿಗೆ ಕೇಳ್ತದೆ?" ಎಂದೆ. ಅವನು ರಸ್ತೆಯ ಅಂಚಿನಲ್ಲಿ ಕುಕ್ಕರಿಸಿ, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಕೂತ. ವಾಪಸು ಬರುವಾಗ ನಾನು ಮುಂದಿನ ಸೀಟಿನಲ್ಲಿ ಕೂತೆ, ಒಮ್ಮೆಯೂ ಹಿಂದೆ ನೋಡಲಿಲ್ಲ.

ಮನೆಯಲ್ಲಿ ಮಂಜುನಾಥ ಸಾರಿದ: "ಎರಡು ಕೂಗೂ ಬಸ್ಸಿನ ಮೇಲಿದ್ದ ಯಂಗೆ ಕೇಳ್ತು. ಅತ್ತಿಗೆ ಕಿವಿ ಹೋಯ್ದು!" ಕಿವಿ ನೆಟ್ಟಗಿದೆ ಅಂದರೆ, ಕೇಳಿಯೂ ಇಲ್ಲವೆಂದದ್ದು ಸಂಜೆಯೊಳಗೆ ಉಸ್ಮಾನನಿಗೆ ಮುಟ್ಟುತ್ತದೆ. ಅಂದಿನಿಂದ ನಾನು ಕಿವುಡಿ. ನಿನ್ನೆ ಹಿರಿಸೊಸೆ ನನ್ನೆದುರಿಗೇ ತನ್ನ ತಂಗಿಗೆ ಹೇಳಿದಳು: "ಅತ್ತೆ ಮಾಡಿದ ಸಾರು ಎಮ್ಮೆಯೂ ಮೂಸ್ತಿಲ್ಲೆ." ಹೇಳುತ್ತಲೇ ಎರಡನೇ ಸಲ ಬಡಿಸಿಕೊಂಡಳು. ನಾನು ನಗುತ್ತ ತಲೆಯಾಡಿಸಿ ಸೌಟು ಅವಳ ಕೈಗೆ ಕೊಟ್ಟೆ.