ತದಡಿಯ ತಾರಿ ಮತ್ತು ಮಾವನ ಕ್ಯಾಲ್ಕುಲೇಟರ್

ನಾನು ನಿಂತಿದ್ದದ್ದು ತದಡಿಯ ಧಕ್ಕೆಯಲ್ಲಿ, ನೀರಿಗಿಳಿಯುವ ಕೊನೆಯ ಒಣ ಮೆಟ್ಟಿಲಿನ ಮೇಲೆ. ೧೯೯೯ರ ಮೇ ತಿಂಗಳ ಕೊನೆ, ಮಧ್ಯಾಹ್ನ ಮೂರರ ಸುಮಾರು. ಆ ದಿನವನ್ನು ನೆನೆದರೆ ನನಗೆ ಈಗಲೂ ಹೆದರಿಕೆ. ನಗುವವರು ನಗಬಹುದು. ನಮ್ಮ ಮಾವನ ಕತೆ ಕೇಳಿ ನಗದವರು ಯಾರಿದ್ದಾರೆ!

ಮಾವ ಜನರನ್ನು ಮುಖದಿಂದಲ್ಲ, ತೂಕದಿಂದ ಗುರುತಿಸುತ್ತಿದ್ದರು. ಹೊನ್ನಾವರದ ಹಂಚಿನ ಕಾರ್ಖಾನೆಯೊಂದರಲ್ಲಿ ಲಾರಿ ತೂಗುತ್ತಲೇ ಕೂದಲು ಬೆಳ್ಳಗಾದವರು. ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಯಿಂದ ಬೆಳಕಿಗೆ ನಡೆಯುವ ಕ್ಯಾಲ್ಕುಲೇಟರ್ ತಂದ ಮೇಲಂತೂ ಮುಗಿಯಿತು. ಸೆಲ್ಲೇ ಬೇಡವಂತೆ! ಒಂದು ಮದುವೆಯಲ್ಲಿ ಮದುಮಗನನ್ನು ಊಟಕ್ಕೆ ಮುಂಚೆ ಒಮ್ಮೆ, ಊಟವಾದ ಮೇಲೆ ಒಮ್ಮೆ ದಿಟ್ಟಿಸಿ, ಶೇಕಡಾ ಗುಂಡಿ ಒತ್ತಿ, "ಎರಡು ಪರ್ಸೆಂಟ್ ಏರಿದ್ರಿ" ಎಂದು ಅಭಿನಂದಿಸಿದ್ದರು.

ಅವತ್ತು ಮಾವ, ಅತ್ತೆ ಹೊಳೆಯಾಚೆ ಅಘನಾಶಿನಿಯಲ್ಲಿದ್ದ ಅತ್ತೆಯ ತಂಗಿಯ ಮನೆಗೆ ಹೊರಟಿದ್ದರು. ನಾನು ಕಳಿಸಿಕೊಡಲು ಬಂದವನು. ತಾರಿ, ಅಂದರೆ ಹೊಳೆ ದಾಟಿಸುವ ದೋಣಿ, ತುಂಬಿತ್ತು. ಮಾವ ಕುಳಿತಲ್ಲೇ ೫೨ ಒತ್ತಿ, ಎಂ ಪ್ಲಸ್ ಒತ್ತಿ, ಪರದೆಯನ್ನು ನನ್ನತ್ತ ಹಿಡಿದರು. ಮೂಲೆಯಲ್ಲಿ ಚಿಕ್ಕದೊಂದು 'ಎಂ' ಮೂಡಿತ್ತು.

"ಇದು ನಿನ್ನ ಅತ್ತೆ, ತಮಾ. ಮೆಮೊರಿಯಲ್ಲಿ ಇಟ್ಟೆ. ಇನ್ನು ಬೇರೆ ಅಂಕಿ ಎಷ್ಟು ಅಳಿಸಿದ್ರೂ ಇವಳು ಹೋಗೂದಿಲ್ಲ."

"ಸುಳ್ಳು! ನಲವತ್ತೆಂಟು!" ಎಂದರು ಅತ್ತೆ.

ಮಾವ ಮೀನು ಮಾರುವ ಗಂಗೆಯತ್ತ ತಿರುಗಿದರು. "ನಿಂದು ಎಷ್ಟು ಕೇಜಿ ಮಾರಾಯ್ತಿ?"

"ನಾ ಎಂತ ಬಂಗಡೆ ಬುಟ್ಟಿಯಾ, ತೂಕ ಮಾಡೂಕೆ?"

"ಅಣ್ಣಾ, ಗಾಳಿ ಏಳ್ತದೆ. ಲೆಕ್ಕ ಆಚೆ ದಡದಲ್ಲಿ ಮಾಡಿ" ಎಂದ ದೋಣಿ ನಡೆಸುವ ಬೀರ.

ಎಲ್ಲರನ್ನೂ ಕೂಡಿಸಿ, ಮೆಮೊರಿಯಿಂದ ಅತ್ತೆಯನ್ನೂ ಕರೆದು ಸೇರಿಸಿದ ಮಾವ ಬಿಳಿಚಿಕೊಂಡರು. ದೋಣಿಗೆ ಒಬ್ಬರ ಭಾರ ಹೆಚ್ಚು! ಆ ಒಬ್ಬರು ತಾವೇ ಎಂದು ತೀರ್ಮಾನಿಸಿ ಇಳಿದೇಬಿಟ್ಟರು.

"ಹೋಯ್, ನಾ ಒಬ್ಳೇ ಹೋಗೂದಾ?"

"ಲೆಕ್ಕ ಸರಿ ಆತು. ಹೋಗು."

ದೋಣಿಯವರೆಲ್ಲ ನಕ್ಕರು. ನಾನೂ ನಕ್ಕೆ.

ದೋಣಿ ನಡುಹೊಳೆ ಮುಟ್ಟುವಷ್ಟರಲ್ಲಿ ಕಡಲ ಕಡೆಯಿಂದ ಕಪ್ಪು ಮೋಡ ಬಂತು. ಗಾಳಿ ಬಂತು. ಮಳೆಯ ತೆರೆ ಇಳಿದು ದೋಣಿ ಕಾಣದಾಯಿತು. ಕತ್ತಲಾದಂತೆ ಪರದೆಯ ಅಂಕಿಗಳು ಮಸುಕಾಗಿ ಅಳಿದವು. ಮೂಲೆಯ 'ಎಂ' ಕೂಡ ಅಳಿಯಿತು.

"ತಮಾ, ಎಂ ಹೋಯ್ತು" ಎಂದರು ಮಾವ. ಕ್ಯಾಲ್ಕುಲೇಟರನ್ನು ಎರಡೂ ಕೈಗಳಲ್ಲಿ ಆಕಾಶಕ್ಕೆ ಹಿಡಿದು, ಮಳೆಯಲ್ಲಿ ಹಾಗೆಯೇ ನಿಂತರು. ನನಗೆ ನಗು ಬರಲಿಲ್ಲ. ನೀರು ನನ್ನ ಮೆಟ್ಟಿಲಿಗೇ ಬಂದು ಬಡಿಯುತ್ತಿತ್ತು. ಬೀರನನ್ನು ಕೂಗಿದೆ, ನನ್ನ ದನಿ ನನಗೇ ಕೇಳಲಿಲ್ಲ.

ಬೆಳಕು ಮರಳಿದಾಗ ಪರದೆಯ ಮೇಲೆ ಬರಿಯ ಸೊನ್ನೆ ಇತ್ತು. ಮಾವ ಅದನ್ನೇ ನೋಡುತ್ತಿದ್ದರು, ಹೊಳೆಯ ಕಡೆ ತಲೆ ಎತ್ತಲಿಲ್ಲ. ಮೊದಲು ಕಂಡವನು ನಾನು: ಆಚೆ ದಡದ ಹತ್ತಿರ ದೋಣಿ, ಅದರಲ್ಲಿ ಹಸಿರು ಸೀರೆಯ ಅತ್ತೆ, ಎದ್ದು ನಿಂತು ಕೈ ಬೀಸುತ್ತಿದ್ದರು.

"ಮಾವ, ಅಲ್ಲಿ ನೋಡಿ."

ಅವರು ನೋಡಿದರು. ಆಮೇಲೆ ಗುಂಡಿಗಳ ಮೇಲೆ ಬೆರಳಿಟ್ಟರು. ತಪ್ಪಿ, ಅಳಿಸಿ, ಮತ್ತೆ ತಪ್ಪಿ, ಕೊನೆಗೆ ಒತ್ತಿದರು: ೪೮. ಎಂ ಪ್ಲಸ್.

ಆ ದಿನ ಹೊಳೆಯಲ್ಲಿದ್ದ ಬೀರ, ಗಂಗೆ, ಅತ್ತೆ ಈಗಲೂ ಇದ್ದಾರೆ. ಆದರೆ ಆ ಅಂಕಿಯನ್ನು ಕಂಡವರು ದಡದಲ್ಲಿದ್ದ ನಾವಿಬ್ಬರೇ. ಇಬ್ಬರಲ್ಲಿ ಈಗ ಉಳಿದವನು ನಾನೊಬ್ಬ.