ಬಿ.ಪಿ. ಗುಳಿಗೆ ಕೇರಿದ ಕಾಕಾ

ಔಷಧ ಅಂಗಡಿ ಇಟ್ಟವನಿಗೆ ಜನರ ರೋಗಕ್ಕಿಂತ ಅವರ ಮೊಬೈಲೇ ಹೆಚ್ಚು ಕೆಲಸ ಕೊಡುತ್ತದೆ. ಹುಬ್ಬಳ್ಳಿಯ ನನ್ನ ಅಂಗಡಿಯಲ್ಲಿ ಇಂಥದ್ದು ವಾರಕ್ಕೊಂದು ಇದ್ದದ್ದೇ. ಆದರೆ ಗಬ್ಬೂರಿನ ಕಾಕಾ ಒಬ್ಬರೇ ಒಂದು ವರ್ಷಕ್ಕಾಗುವಷ್ಟು ಒದಗಿಸಿದರು. ನಲವತ್ತು ವರ್ಷ ಜೋಳದ ವ್ಯಾಪಾರ ಮಾಡಿ, ಈಗ ಆರಾಮಾಗಿ ಮನೆಯಲ್ಲಿರುವವರು.

೧. ಸಣ್ಣ ಅಕ್ಷರ

ಒಂದು ದಿನ ಕ್ಯಾಲ್ಸಿಯಂ ಗುಳಿಗೆಯ ಡಬ್ಬಿ ತಂದು ನನ್ನ ಮುಂದಿಟ್ಟರು. ಅದರ ಮೇಲೆ ಸಣ್ಣ ಅಕ್ಷರದಲ್ಲಿ ‘ಮೆಗ್ನೀಸಿಯಂ ಸ್ಟಿಯರೇಟ್’ ಎಂದಿತ್ತು. ಅದು ವಿಷವೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರಂತೆ. ಗುಳಿಗೆ ಒತ್ತುವಾಗ ಪುಡಿ ಮಷೀನಿಗೆ ಅಂಟಬಾರದೆಂದು ಚೂರೇ ಚೂರು ಹಾಕುತ್ತಾರೆ, ಅಷ್ಟರಿಂದ ಏನೂ ಆಗುವುದಿಲ್ಲ ಎಂದೆ. ಅಲ್ಲಿಗೇ ಬಾಯಿ ಮುಚ್ಚಬೇಕಿತ್ತು. ನಿಮ್ಮ ಬಿ.ಪಿ. ಗುಳಿಗೆಯಲ್ಲೂ ಅದು ಇದೆ ಎಂದುಬಿಟ್ಟೆ.

“ಜ್ವಾಳದ ಚೀಲದಾಗ ಜ್ವಾಳ ಬಿಟ್ಟು ಮತ್ತೊಂದಿದ್ರ ನಾವು ಕಲಬೆರಕಿ ಅಂತೇವ್ರಿ. ನೀವೇನಂತೀರಿ?”

ಇಷ್ಟು ಕೇಳಿ, ಆಗಷ್ಟೇ ಕೊಂಡಿದ್ದ ಬಿ.ಪಿ. ಗುಳಿಗೆಯನ್ನು ಅಲ್ಲೇ ಬಿಟ್ಟು ಕಾಕಾ ಹೊರಟುಹೋದರು.

೨. ಮೂರು ನೀರು

ನನಗೆ ಹೆದರಿಕೆಯಾಯಿತು. ಆ ಗುಳಿಗೆ ಬಿಟ್ಟರೆ ಅವರಿಗೆ ಲಕ್ವ ಹೊಡೆಯಬಹುದು ಎಂದು ಅವರ ಹೆಂಡತಿ ಕಾಕುಗೆ ಫೋನ್ ಮಾಡಿದೆ. ಕಾಕು ಗುಳಿಗೆ ತರಿಸಿಕೊಂಡರು. ಮೂರು ದಿನ ಬಿಟ್ಟು ಕಾಕಾ ಖುಷಿಯಿಂದ ಬಂದು, ಈಗ ದಿನಾ ತಪ್ಪದೆ ತಗೊಳ್ಳುತ್ತಿದ್ದೇನೆ, ಆದರೆ ಅಕ್ಕಿಯಂತೆ ಮೂರು ನೀರಿನಲ್ಲಿ ತೊಳೆದು, ಎಂದರು.

ತೊಳೆದ ಮೇಲೆ ಗುಳಿಗೆ ಎಷ್ಟು ಉಳಿಯುತ್ತದೆ ಎಂದು ಕೇಳಿದೆ.

“ಎರಡನೇ ನೀರಿಗೇ ಕಾಣವಲ್ದ್ರಿ. ಕಲಬೆರಕಿ ಭಾಳ ಇತ್ತು.”

೩. ಮೊರದಲ್ಲಿ ಹಾಕಿ

ಇನ್ನು ಮೇಲೆ ತೊಳೆಯಕೂಡದೆಂದು ಗದರಿದೆ. ಕಾಕಾ ಮಾತಿಗೆ ತಪ್ಪುವವರಲ್ಲ, ತೊಳೆಯಲಿಲ್ಲ. ಮರುದಿನ ಗುಳಿಗೆಯನ್ನು ಕುಟ್ಟಿ, ಕಾಳು ಕೇರುವ ಮೊರಕ್ಕೆ ಹಾಕಿ, ನಡುಮನೆಯಲ್ಲಿ ಕೂತು ಕೇರಿದರು. ಹೊಟ್ಟು ಹಾರಿ ಕಾಳು ಉಳಿಯುತ್ತದೆಂಬುದು ಅವರ ನಲವತ್ತು ವರ್ಷದ ಅನುಭವ. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು.

“ಅವರ ಗುಳಿಗಿ ಇವತ್ತ ಮನಿಮಂದಿಗೆಲ್ಲ ಚೂರು ಚೂರು ಬಂತ್ರಿ,” ಎಂದು ಕಾಕು ಫೋನಿನಲ್ಲಿ ಹೇಳಿದರು.

೪. ಊಟದ ಹೊತ್ತು

ಆ ವಾರ ಡಾಕ್ಟರು ಬಿ.ಪಿ. ನೋಡಿ, ಹೀಗೇ ಆದರೆ ಆಸ್ಪತ್ರೆಗೆ ಸೇರಿಸುತ್ತೇನೆ ಎಂದರು. ಕಾಕು ನನಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು, ಆ ಹಾಳು ವಸ್ತು ಗುಳಿಗೆಯಲ್ಲಿ ಏನು ಮಾಡುತ್ತದೆ ಎಂದು. ಅಂಟದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ ಎಂದೆ. ಇಷ್ಟೇನಾ ಎಂದು ಫೋನ್ ಇಟ್ಟರು.

ಮರುದಿನ ಮಧ್ಯಾಹ್ನ ಕಾಕು ಮಣೆಯ ಮೇಲೆ ಹಿಟ್ಟು ಉದುರಿಸದೆಯೇ ರೊಟ್ಟಿ ಬಡಿದರಂತೆ. ಅರ್ಧ ಮಣೆಗೆ ಅಂಟಿತು, ಉಳಿದರ್ಧ ಚೂರುಚೂರಾಗಿ ಹಂಚಿಗೆ ಬಿತ್ತು. ತಾಟಿನಲ್ಲಿ ಬಂದ ತುಣುಕುಗಳನ್ನು ನೋಡಿ ಕಾಕಾ ರೊಟ್ಟಿ ಎಲ್ಲಿ ಎಂದು ಕೇಳಿದರು.

“ಅಂಟಬಾರದಂತ ಉದುರಸೋ ಹಿಟ್ಟು ಬಿಟ್ಟೇನ್ರಿ,” ಎಂದರು ಕಾಕು. “ನಿಮಗ ಕಲಬೆರಕಿ ನಡಿಯಂಗಿಲ್ಲಲ್ಲ.”

ಮೂರು ದಿನ ಇದೇ ಊಟ. ನಾಲ್ಕನೇ ದಿನ ಕಾಕಾ ಅಂಗಡಿಗೆ ಬಂದು, ನೀರು ಕೇಳಿ, ನನ್ನ ಕಣ್ಣೆದುರೇ ಇಡೀ ಗುಳಿಗೆ ನುಂಗಿದರು. ನನಗಾದ ಸಮಾಧಾನ ಹೇಳತೀರದು. ನಂಬಿಕೆ ಬಂತೇ ಎಂದು ಕೇಳಿದೆ. ಅವರು ನನ್ನ ಫೋನನ್ನು ನನ್ನತ್ತ ಸರಿಸಿದರು.

“ನಂಬಿಕಿ ಆಮ್ಯಾಲೆ ನೋಡೋಣ್ರಿ. ನುಂಗ್ಯಾರ ಅಂತ ಆಕಿಗೆ ನೀವೇ ಲಗೂ ಹೇಳ್ರಿ, ಇಷ್ಟೊತ್ತಿಗೆ ಹಂಚು ಕಾದಿರ್ತೈತಿ.”