ಅತ್ತೆಯ ಪಗಾರಿ ಪಡೆ

ನನ್ನ ಸೋದರತ್ತೆಗೆ ತಲೆ ಕೆಟ್ಟಿದೆಯೆಂದು ಅಂಕೋಲೆಯಲ್ಲಿ ಒಬ್ಬರೂ ಹೇಳಿದ್ದಿಲ್ಲ. ಹೇಳುವ ಎದೆಗಾರಿಕೆ ಇದ್ದವರು ಅಂಕೋಲೆಯಲ್ಲಿ ಇರಲಿಲ್ಲ, ಅಷ್ಟೇ! ಕಾರವಾರದಲ್ಲಿ ಮಾತ್ರ ಹೇಳಿಕೊಂಡರು, ಅದೂ ಬಾಗಿಲು ಹಾಕಿಕೊಂಡು. ಅವರದಾದರೂ ಏನು ತಪ್ಪು? ಮೂವತ್ತರ ದಶಕ ಅದು. ಹೆಂಗಸರು ಜಗಲಿ ಇಳಿಯುವ ಮೊದಲು ಸೆರಗನ್ನು ಎರಡು ಸಲ ಸರಿಮಾಡಿಕೊಳ್ಳುತ್ತಿದ್ದ ಕಾಲ. ಅಂಥದರಲ್ಲಿ ಐವತ್ತು ದಾಟಿದ ವಿಧವೆಯೊಬ್ಬಳು ಪಗಾರ ಕೊಟ್ಟು ಬಾಸ್ಕೆಟ್‌ಬಾಲ್ ತಂಡ ಸಾಕುತ್ತೇನೆಂದರೆ ಜನ ಇನ್ನೇನು ಹೇಳಬೇಕು?

ಅತ್ತೆಗೆ ಸೋಲೆಂದರೆ ಆಗದು. ಪಗಡೆಯಲ್ಲಿ ಸೋತರೆ ಹಾಸನ್ನೇ ಮಡಚಿ ಒಲೆಗೆ ಹಾಕುವ ಪೈಕಿ. ಒಮ್ಮೆ ನಮ್ಮ ಮನೆಯ ಭಟ್ಟರು ಅರಿಯದೆ ಗೆದ್ದುಬಿಟ್ಟರು. ಆ ವರ್ಷದ ಪೂಜೆಗೆ ಮಾಜಾಳಿಯಿಂದ ಬೇರೆ ಭಟ್ಟರನ್ನು ಕರೆಸಬೇಕಾಯಿತು!

ಬೇಲೇಕೇರಿಯ ಸಮುದ್ರದ ಪಕ್ಕ ಅವಳಿಗೊಂದು ತೆಂಗಿನ ತೋಟವಿತ್ತು. ಮಳೆಗಾಲ ಮುಗಿದು ಬಂದರು ತೆರೆದರೆ ಮುಂಬಯಿಯ ವ್ಯಾಪಾರಿಗಳ ಮಚವೆ ಹಡಗುಗಳು ಹಾಯಿ ಬಿಚ್ಚಿ ಬರುತ್ತಿದ್ದವು, ಕಾಯಿ ತುಂಬಿಕೊಂಡು ಹೋಗುತ್ತಿದ್ದವು. ತುಂಬುವವರು ಬೊಮ್ಮಯ್ಯ ಮತ್ತು ಅವನ ನಾಲ್ವರು ಜೊತೆಗಾರರು. ರಾಶಿಯಿಂದ ಮಚವೆಯ ತನಕ ಸಾಲಾಗಿ ನಿಂತು, ಎಣಿಕೆಯನ್ನು ರಾಗವಾಗಿ ಹಾಡುತ್ತ, ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಕಾಯಿ ಎಸೆಯುತ್ತಿದ್ದರು. ಒಂದೇ ಒಂದು ಕಾಯಿ ಕೆಳಗೆ ಬಿದ್ದದ್ದನ್ನು ಕಂಡವರಿಲ್ಲ. ಆ ವರ್ಷ ಕಾಯಿಯ ದರ ನೆಲಕಚ್ಚಿತು. ಬಂದರು ತೆರೆಯಿತು, ಮಚವೆ ಬರಲಿಲ್ಲ. ಐದು ಮನೆಗಳ ಒಲೆ ಆರುವ ಹೊತ್ತು ಬಂತು.

ಅತ್ತೆ ಅಕ್ಕಿ ಕಳಿಸಿದಳು. ಬೊಮ್ಮಯ್ಯ ಹಿಂದಕ್ಕೆ ಕಳಿಸಿದ. ಕೆಲಸ ಮಾಡದೆ ಅಕ್ಕಿ ಮುಟ್ಟುವವನಲ್ಲ ಅವನು. ಸರಿ, ಅತ್ತೆ ಕೆಲಸವನ್ನೇ ಹುಟ್ಟಿಸಿದಳು! ಅಂಗಳದ ಬಡಗಣ ರಾಶಿಯನ್ನು ತೆಂಕಣಕ್ಕೆ ಹಾಕಿಸಿದಳು. ಮರುದಿನ ತೆಂಕಣದ್ದನ್ನು ಬಡಗಣಕ್ಕೆ. ಅದರ ಮರುದಿನ ಬೊಮ್ಮಯ್ಯ ಕೈಕಟ್ಟಿ ನಿಂತ.

“ಒಡತೀ, ಕಾಯಿಗೇ ನಾಚ್ಕೆ ಆಗೂಕೆ ಹತ್ತದೆ. ನಮ್ಗೆ ಆಗೂದಿಲ್ವಾ? ನಾವು ಮುಂಬಯಿಗೆ ಹೋಗ್ತೇವು. ಗಿರಣೀಲಿ ಎಂತಾರೂ ಸಿಕ್ತದೆ.”

“ಹೋಗು, ಹೋಗು! ನಿನ್ನ ಮೋರೆ ನೋಡೇ ಗಿರಣಿ ಬಾಗ್ಲು ತೆಗೀತಾರೆ!” ಎಂದು ಅತ್ತೆ ಗದರಿದಳು. ಗದರಿದ್ದೇನೋ ಹೌದು. ಆದರೆ ಆ ದಿನ ಊಟದ ಎಲೆಯ ಮುಂದೆ ಕೂತವಳು ತುತ್ತು ಎತ್ತಲಿಲ್ಲವಂತೆ. ಮುಂಬಯಿಗೆ ಹೋದವರು ಮರಳಿದ್ದನ್ನು ಅವಳು ಹೆಚ್ಚು ಕಂಡಿರಲಿಲ್ಲ.

ನಾನಾಗ ಕಾರವಾರದ ಕಚೇರಿಯೊಂದರಲ್ಲಿ ಹೊಸ ಕಾರಕೂನ. ಸಂಜೆ ನಾವು ಗುಮಾಸ್ತರೆಲ್ಲ ಸಮುದ್ರದ ಬದಿಯ ಬಯಲಿನಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದೆವು. ನಿಯಮದ ಪುಸ್ತಕ ಓದಿದವನು ನಾನೊಬ್ಬನೇ ಆದ್ದರಿಂದ ಸೀಟಿ ನನ್ನ ಕೊರಳಲ್ಲಿತ್ತು. ಕೋರ್ಟಿನ ಕೆಲಸಕ್ಕೆ ಬಂದ ಅತ್ತೆ ಒಂದು ಸಂಜೆ ಬಯಲಿನಂಚಿಗೆ ಬಂದು ನಿಂತಳು. ನಿಂತವಳು ಬಾಯಿಗೆ ಸೆರಗು ಒತ್ತಿಕೊಂಡಳು. ನಾಚಿಕೆಯಿಂದಲ್ಲ, ಹೌಹಾರಿ!

“ಅಯ್ಯಯ್ಯೋ, ಇದೆಂತಾ ಕೆಲ್ಸವೋ ತಮಾ? ಎಷ್ಟು ಸಲ ಬೀಳಸ್ತಾರೆ! ಕಾಯಾಗಿದ್ರೆ ಎಲ್ಲಾ ಹೋಳು!”

“ಇದು ಆಟ, ಅತ್ತೇ.”

“ಬುಟ್ಟಿಗೆ ಹಾಕೂದೇ ಅಲ್ವೋ? ಒಂದು ಬದಿಗೆ ಎಷ್ಟು ಜನ?”

“ಐದು.”

ಐದು ಎಂದದ್ದೇ ತಡ, ಅತ್ತೆಯ ಮುಖ ದೀಪ ಹಚ್ಚಿದಂತಾಯಿತು. ಕೋರ್ಟಿನ ಕೆಲಸ ಅಲ್ಲಿಗೇ ಬಿಟ್ಟು ಮೊದಲ ಸರ್ವಿಸ್ ಮೋಟಾರು ಹಿಡಿದು ಊರಿಗೆ ಓಡಿದಳು. ಇದು ಕೆಲಸವೋ ಅಲ್ಲವೋ ಎಂದು ಬೊಮ್ಮಯ್ಯನನ್ನೇ ಕೇಳಿದಳಂತೆ. ಅವನು ಬಹಳ ಹೊತ್ತು ಯೋಚಿಸಿ, “ಎದ್ರಿಗೆ ತಡಿಯೂಕೆ ಜನ ಇದ್ರೆ ಕೆಲ್ಸವೇ ಒಡತೀ,” ಎಂದನಂತೆ. ಪಗಾರ ಅಕ್ಕಿಯ ಲೆಕ್ಕದಲ್ಲಿ. ಸೀಸನ್ ಎಂದಿನವರೆಗೆ? “ಮಚವೆ ಬರೂವರಿಗೆ ಸೀಸನ್!”

ಸುದ್ದಿ ತಿಳಿದ ಕಾರವಾರಕ್ಕೆ ಸಿಡಿಲು ಬಡಿಯಿತು. ನಮ್ಮ ಹೆಡ್ ಕಾರಕೂನರು ಕೋಟು ಹಾಕಿಕೊಂಡೇ ಅಂಕೋಲೆಗೆ ಬಂದರು.

“ಆಟಕ್ಕೆ ಪಗಾರ ತಗೊಳ್ಳೂದು ಹಲ್ಕಟ್ ಕೆಲಸ, ಬಾಯೀ! ನಾವೆಲ್ಲ ಮರ್ಯಾದಸ್ಥರು, ಶೋಕಿಗೆ ಆಡೂದು.”

“ಹೌದೇನ್ರೀ? ಕಚೇರೀಲಿ ಕೂತು ತೂಕಡ್ಸೂಕೆ ನೀವು ಪಗಾರ ತಗೊಳ್ತ್ರಿ. ನನ್ನವ್ರು ನಿಂತಾದ್ರೂ ಇರ್ತಾರೆ!”

ಹೆಡ್ ಕಾರಕೂನರು ಟೊಪ್ಪಿಗೆಯನ್ನು ಜಗಲಿಯಲ್ಲೇ ಮರೆತು ಹೋದರು.

ಆ ಮಾತಿನ ಸೇಡಿಗೆ ಮೊದಲ ಪಂದ್ಯಕ್ಕೆ ನಮ್ಮ ಗುಮಾಸ್ತರೇ ಬಂದರು, ಬೇಲೇಕೇರಿಯ ದಂಡೆಯ ಮೇಲಿನ ಗಟ್ಟಿ ನೆಲಕ್ಕೆ. ಎರಡು ಕಂಬಗಳಿಗೆ ಹೊಸ ಬಿದಿರಿನ ಹೆಡಿಗೆ ಕಟ್ಟಿದ್ದರು. ಚೆಂಡು ಕೆಳಗೆ ಬೀಳಲು ಹೆಡಿಗೆಯ ತಳ ಕೊಯ್ಯಬೇಕೆಂದೆ. “ಹೊಸಾ ಹೆಡಿಗೆ ಕುಂಡೆ ಕೊಯ್ಯೂಕೆ ನಾನೇನು ಮಳ್ಳಿಯೋ?” ಎಂದಳು ಅತ್ತೆ. ಹೀಗಾಗಿ ಚೆಂಡು ಬುಟ್ಟಿಗೆ ಬಿದ್ದಾಗಲೆಲ್ಲ ಯಾರಾದರೂ ಕಂಬ ಹತ್ತಿ ಅದನ್ನು ತೆಗೆಯಬೇಕು. ನಮ್ಮ ಗುಮಾಸ್ತರು ಕಂಬ ತಬ್ಬಿಕೊಂಡು ಜಾರುತ್ತಿದ್ದ ದೃಶ್ಯ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ!

ಆದರೆ ನಿಜವಾದ ಆಘಾತ ಆಟ ಸುರುವಾದ ಮೇಲೆ. ಅತ್ತೆಯ ಪಡೆ ಓಡಲಿಲ್ಲ. ಒಂದು ಹೆಜ್ಜೆಯನ್ನೂ ಇಡಲಿಲ್ಲ! ಈ ತುದಿಯಿಂದ ಆ ತುದಿಗೆ ಐವರೂ ಸಾಲಾಗಿ ಬೇರು ಬಿಟ್ಟಂತೆ ನಿಂತರು. ಬೊಮ್ಮಯ್ಯ ಎಣಿಕೆ ಎತ್ತಿದ; ಚೆಂಡು ಕೈಯಿಂದ ಕೈಗೆ ಬಾಣದಂತೆ ಹೋಯಿತು; ಕೊನೆಯಲ್ಲಿ ನಿಂತ ಆರಡಿ ಸುಕ್ರು ಅದನ್ನು ಹೆಡಿಗೆಯೊಳಗೆ ಮೊಟ್ಟೆ ಇಳಿಸಿದಷ್ಟು ಮೆಲ್ಲಗೆ ಎಸೆದ. ನಾನು ಪುಸ್ತಕವೆಲ್ಲ ತಿರುವಿದೆ. ನಿಂತು ಆಡಬಾರದೆಂದು ಎಲ್ಲೂ ಬರೆದಿಲ್ಲ!

ಹಾಗಾದರೆ ಗೆದ್ದರೋ? ಎಲ್ಲಿಯ ಗೆಲುವು! ಕಾಯಿ ತುಂಬುವವರಲ್ಲಿ ಒಂದು ಕಟ್ಟಳೆಯಿದೆ. ಎದುರಿಗೆ ಕೈ ಚಾಚಿದವನ ಕೈ ಖಾಲಿ ಬಿಡಬಾರದು. ಬಿಟ್ಟರೆ ಸಾಲು ಮುರಿಯುತ್ತದೆ, ಯಾರದೋ ಕಾಲ ಮೇಲೆ ಕಾಯಿ ಬೀಳುತ್ತದೆ. ಹುಟ್ಟಿದಾಗಿನಿಂದ ಕೈಗೆ ಅಂಟಿದ ಅಭ್ಯಾಸ. ನಮ್ಮ ಗುಮಾಸ್ತನೊಬ್ಬ ಸುಸ್ತಾಗಿ ಸುಮ್ಮನೆ ಎರಡೂ ಕೈ ಚಾಚಿದ. ಬೊಮ್ಮಯ್ಯ ಚೆಂಡನ್ನು ಅವನ ಕೈಗೇ ಹಾಕಿದ! ಗುಟ್ಟು ಗೊತ್ತಾಗಲು ಇನ್ನೇನು ಬೇಕು? ಅಂದಿನಿಂದ ಎದುರಾಳಿಗಳು ಓಡುವುದನ್ನು ಬಿಟ್ಟು ಕೈ ಚಾಚಲು ಕಲಿತರು.

“ಎಂತಕ್ಕೆ ಕೊಟ್ಟ್ಯೋ, ಅಂವ ನಿನ್ನ ಅಳಿಯನೋ?”

“ಕೈ ಚಾಚಿದ್ನಲ್ಲಾ ಒಡತೀ.”

“ನಾಳೆ ನಿನ್ನ ಪಂಚೆಗೆ ಕೈ ಚಾಚ್ತಾನೆ, ಅದ್ನೂ ಕೊಡು!”

ಸೋತರು. ಕಾರವಾರದಲ್ಲಿ ಸೋತರು, ಅಂಕೋಲೆಯಲ್ಲಿ ಸೋತರು, ಶಾಲೆಯ ಮಾಸ್ತರರ ಕೈಯಲ್ಲೂ ಸೋತರು. ಪ್ರತಿ ಸೋಲಿಗೂ ಅತ್ತೆಯ ಬಾಯಿಂದ ಕೆಂಡ ಉದುರುತ್ತಿತ್ತು. ಮರುದಿನ ಮಾತ್ರ ಐವರ ಮನೆಗೂ ಅಕ್ಕಿ ಹೋಗುತ್ತಿತ್ತು, ಹೊಸ ಎದುರಾಳಿಗೆ ಸವಾಲೂ ಹೋಗುತ್ತಿತ್ತು. ಯಾರೂ ಉಳಿಯದಾದಾಗ ಮದುವೆಯ ವಾಲಗದವರನ್ನು ಆಡಲು ಕರೆದಳು ಮಹರಾಯಿತಿ! ಜನ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಎದುರಾಳಿಗಳು ಮುಗಿದರೆ ಕೆಲಸ ಮುಗಿಯಿತು; ಕೆಲಸ ಮುಗಿದರೆ ಬೊಮ್ಮಯ್ಯನ ಗಂಟು ಮುಂಬಯಿಯ ದಾರಿ ಹಿಡಿಯುತ್ತದೆ.

ಕೊನೆಗೆ ನಮ್ಮ ಗುಮಾಸ್ತರೇ ಇನ್ನೊಮ್ಮೆ ಬೇಲೇಕೇರಿಗೆ ಬಂದರು. ಇದೇ ಕಡೆಯ ಸಲ, ಇನ್ನು ಬರುವುದಿಲ್ಲ ಎಂದು ಹೆಡ್ ಕಾರಕೂನರು ಮೊದಲೇ ಹೇಳಿದ್ದರು. ಅಂದು ಅತ್ತೆಯ ಪಡೆಗೆ ಏನಾಗಿತ್ತೋ! ಕೈ ಚಾಚಿದವರು ಕಾಣಬಾರದೆಂದು ಐವರೂ ಕಣ್ಣನ್ನು ಆಕಾಶಕ್ಕೆ ನೆಟ್ಟು ಎಸೆದರು. ಬುಟ್ಟಿಯ ಮೇಲೆ ಬುಟ್ಟಿ! ಆಟ ಮುಗಿಯಲು ಎಲೆಯಡಿಕೆ ಜಗಿಯುವಷ್ಟು ಹೊತ್ತು ಉಳಿದಿತ್ತು, ಅತ್ತೆಯ ಪಡೆಯೇ ಮುಂದಿತ್ತು. ಇಡೀ ಸೀಸನ್ನಿನ ಮೊದಲ ಗೆಲುವು! ಅತ್ತೆ ಎದ್ದು ನಿಂತಿದ್ದಳು. ಸೆರಗು ಎಲ್ಲಿದೆಯೆಂಬ ಎಚ್ಚರವೂ ಅವಳಿಗಿರಲಿಲ್ಲ.

ಚೆಂಡು ಕೈಯಲ್ಲಿ ಹಿಡಿದ ಸುಕ್ರು ಇದ್ದಕ್ಕಿದ್ದಂತೆ ಕಲ್ಲಾದ. ಆರಡಿಯ ಮೇಲಿಂದ ಅವನಿಗೆ ನಮಗಿಂತ ಮೊದಲು ಕಂಡಿತ್ತು.

“ಹಾಯೀ!” ಎಂದ.

ಪಡುವಣದಲ್ಲಿ ಬಿಳಿ ಉಗುರಿನಷ್ಟು ಏನೋ. ಬೊಮ್ಮಯ್ಯ ಹಾಯಿಯತ್ತ ನೋಡಿದ, ಅತ್ತೆಯತ್ತ ನೋಡಿದ. ಅವನ ಕಾಲು ಏಳಲಿಲ್ಲ. ಹಿಡಿದ ಕೆಲಸ ನಡುವೆ ಬಿಡುವವನಲ್ಲವಲ್ಲ. ಇನ್ನೊಂದು ಗಳಿಗೆ ನಿಂತರೆ ಅತ್ತೆ ಗೆಲ್ಲುತ್ತಾಳೆ!

“ಎಂತಾ ನೋಡ್ತ್ರೋ?” ಅತ್ತೆ ಕಿರುಚಿದಳು. “ಓಡ್ರೋ! ಓಡಿ, ದೋಣಿ ಇಳ್ಸಿ!”

ಒಂದು ಹೆಜ್ಜೆಯನ್ನೂ ಇಡದ ಐವರು ಆ ದಿನ ಓಡಿದರು ನೋಡಿ! ಚೆಂಡು ಉರುಳಿಕೊಂಡು ಬಂದು ಹೆಡ್ ಕಾರಕೂನರ ಕಾಲ ಬಳಿ ನಿಂತಿತು. ಅವರು ಅದನ್ನು ಎತ್ತಲಿಲ್ಲ. ಒಂದು ತಂಡ ಅಂಗಳ ಬಿಟ್ಟು ಹೋದರೆ ಸೋತ ಹಾಗೆ. ನಿಯಮ ನನಗೆ ಗೊತ್ತಿತ್ತು. ಸೀಟಿಯನ್ನು ಬಾಯಿಗಿಟ್ಟುಕೊಂಡು ಅತ್ತೆಯ ಮುಖ ನೋಡಿದೆ. ಊದುವ ಧೈರ್ಯ ಬರಲಿಲ್ಲ.

ಪಗಡೆಯ ಹಾಸನ್ನೇ ಸುಟ್ಟವಳ ಮುಖ ಪೂರಾ ಒದ್ದೆಯಾಗಿತ್ತು. ನಗುತ್ತಿದ್ದಳು. ನನ್ನ ರಟ್ಟೆ ಹಿಡಿದು ಸಮುದ್ರದ ಕಡೆಗೆ ತಿರುಗಿಸಿದಳು.

“ಊದು ತಮಾ, ನಾವು ಸೋತ್ವು. ಗಟ್ಟಿ ಊದು. ಮಚವೆಯವ್ರಿಗೆ ಕೇಳ್ಬೇಕು, ನಮ್ಮ ದಂಡೆ ಬಿಟ್ಟು ಮುಂದೆ ಹೋಗೂಕಿಲ್ಲ.”

ಊದಿದೆ. ಹಾಯಿ ನಮ್ಮತ್ತ ತಿರುಗುವ ತನಕ, ಉಸಿರು ಕಟ್ಟುವಂತೆ ಊದುತ್ತಲೇ ಇದ್ದೆ.